ನೂಲಕ್ಕನ ಹದಿನಾಲ್ಕು ಸಮುದ್ರ

ಆ ದೊಡ್ಡ ಕಲಾ ಸಂಗ್ರಹಾಲಯದಲ್ಲಿ ಈಗ ಮೂರು ಪ್ರದರ್ಶನಗಳು ನಡೆಯುತ್ತಿವೆ. ಕೆಳಗೆ ಹಳೆಯ ಮಡಕೆಗಳು, ನಡುವಿನ ಮಹಡಿಯಲ್ಲಿ ಫೋಟೋಗಳು, ಮೇಲಿನ ಉದ್ದನೆಯ ಹಾಲಿನಲ್ಲಿ ಹದಿನಾಲ್ಕು ಸಮುದ್ರದ ಚಿತ್ರಗಳು. ಮೂರನ್ನೂ ಜೋಡಿಸಿದವಳು ಒಬ್ಬಳೇ. ಚಿತ್ರಗಳ ಸಾಲು ಹಿಡಿಯಲು ಕೈಯಲ್ಲಿ ಸದಾ ನೂಲಿನ ಉಂಡೆ ಇರುವುದರಿಂದ ಎಲ್ಲರ ಬಾಯಲ್ಲೂ ಆಕೆ ನೂಲಕ್ಕ. ಇಪ್ಪತ್ತಾರು ವರ್ಷದಿಂದ ಅವಳದು ಇದೇ ಕೆಲಸ.

ಈ ಸಲ ಹೊಸ ಮುಖ್ಯಸ್ಥ ಒಂದು ಲೇಸರ್ ಪೆಟ್ಟಿಗೆ ತಂದ. ಗುಂಡಿ ಒತ್ತಿದರೆ ಗೋಡೆಯುದ್ದಕ್ಕೂ ಕೆಂಪು ಗೆರೆ. ಗೆರೆಯೇನೋ ನೆಟ್ಟಗೇ ಇತ್ತು. ಆದರೆ ಆ ಹಾಲಿನ ನೆಲ ಬಾಗಿಲಿಂದ ಕಿಟಕಿಯ ಕಡೆಗೆ ಮೂರು ಬೆರಳು ಕುಸಿದಿದೆ ಅನ್ನುವುದು ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು?

"ಹೀಗೆ ಹಾಕಿದ್ರೆ ಸಮುದ್ರ ಗುಡ್ಡ ಹತ್ತಿದ ಹಾಗೆ ಕಾಣುತ್ತೆ ಸಾರ್. ಒಂದೊಂದನ್ನೂ ಚೂರುಚೂರೇ ಇಳಿಸ್ತಾ ಹೋಗ್ಬೇಕು. ಅರ್ಧ ಗೆರೆಯ ಮಾತು ಕೇಳ್ಬೇಕು, ಅರ್ಧ ನೆಲದ ಮಾತು."

"ಅಳತೆ ಅಂದ್ರೆ ಅಳತೆ ಅಮ್ಮಾ. ನಿಮ್ಮ ನೂಲನ್ನೇ ನಂಬ್ಕೊಂಡು ಹಾಕ್ತೀರಾ, ಹಾಕಿ. ನಾಳೆ ಚಿತ್ರ ಬರೆದವರು ಒಪ್ಪದಿದ್ರೆ ನೀವು ಉಗ್ರಾಣಕ್ಕೆ."

ಉಗ್ರಾಣ ಎಂದರೆ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳ ಧೂಳು ಒರೆಸುವ ಕೆಲಸ. ನೂಲಕ್ಕ ಗಂಡನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅವನು, "ಯಾಕೆ ಸುಮ್ನೆ ಹಟ?" ಅಂದ.

"ಕಣ್ಣಿಗೆ ಕಾಣೋದನ್ನ ಕಾಣಲ್ಲ ಅಂತ ಹೇಳ್ಲಾ?" ಎಂದವಳೇ ನೂಲು ಬಿಗಿದು ಏಣಿ ಹತ್ತಿದಳು.

ಮರುದಿನ ಬೆಳಿಗ್ಗೆ ಚಿತ್ರ ಬರೆದ ಅಜ್ಜಿ ಬಂದರು. ಎಂಬತ್ತು ದಾಟಿದ ಜೀವ, ಕೈಯಲ್ಲಿ ಕೋಲು. ಹಾಲಿನ ಆ ತುದಿಗೆ ನಡೆದರು, ತಿರುಗಿ ಬಂದರು, ಮತ್ತೆ ನಡೆದರು.

"ಇದನ್ನ ಯಾರು ಹಾಕಿದ್ದು?"

ಮುಖ್ಯಸ್ಥನ ಬೆರಳು ತಕ್ಷಣ ನೂಲಕ್ಕನ ಕಡೆ ತಿರುಗಿತು. ಇಂಥ ಹೊತ್ತಿನಲ್ಲಿ ಬೆರಳು ಎಷ್ಟು ಚುರುಕು ನೋಡಿ! ಸಾಲದ್ದಕ್ಕೆ ಲೇಸರ್ ಬೇರೆ ಹಚ್ಚಿ, "ನೋಡಿ, ಕೊನೆಯದು ಒಂದೂವರೆ ಬೆರಳು ಕೆಳಗಿದೆ" ಎಂದ.

"ಆ ದೀಪ ಆರಿಸಪ್ಪಾ, ನಾನು ಚಿತ್ರ ನೋಡೋಕೆ ಬಂದಿದ್ದೀನಿ" ಎಂದರು ಅಜ್ಜಿ. ಆಮೇಲೆ ನೂಲಕ್ಕನ ಕೈ ಹಿಡಿದುಕೊಂಡರು. "ಐದು ಊರಲ್ಲಿ ಈ ಚಿತ್ರ ಇಟ್ಟಿದ್ದೀನಿ ಮಗಳೇ. ನನ್ನ ನೀರು ಸಮವಾಗಿ ನಿಂತಿದ್ದು ಇವತ್ತೇ."

ನೂಲಕ್ಕ ಎಲ್ಲರ ಎದುರಿಗೇ ಅತ್ತುಬಿಟ್ಟಳು. ಅಷ್ಟು ಖುಷಿಯಾಗಿತ್ತು.

ಮಧ್ಯಾಹ್ನ ಮುಖ್ಯಸ್ಥ ಆ ಲೇಸರ್ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಉಗ್ರಾಣಕ್ಕೆ ಹೊರಟ. ನೂಲಕ್ಕ ಬಾಗಿಲು ತೆರೆದು ಹಿಡಿದಳು.

"ಮೆಲ್ಲಗೆ ಸಾರ್. ಅಲ್ಲೂ ನೆಲ ಸ್ವಲ್ಪ ಇಳಿಜಾರು."