ಓರೆ ತೂತಿನ ಮಣಿಗಳು

ಆ ದಿನಗಳಲ್ಲಿ ಚನ್ನಪಟ್ಟಣದ ರೈಲು ನಿಲ್ದಾಣದ ಮುಂದೆ ಆರು ಜಟಕಾಗಳು ನಿಲ್ಲುತ್ತಿದ್ದವು. ಮಹಾರಾಜರ ಕಾಲ. ಮೋಟಾರು ಬಂತೆಂದರೆ ಬೀದಿಯ ಜನವೆಲ್ಲ ಹೊಸ್ತಿಲಿಗೆ ಓಡಿ ಬರುತ್ತಿದ್ದರು. ಆ ಆರು ಕುದುರೆಗಳಲ್ಲಿ ಐದರ ಕತ್ತಿನಲ್ಲಿ ನಾನು ಮಾಡಿದ ಮಣಿಸರ ಇತ್ತು. ಆರನೆಯದು ತನ್ನ ಕತ್ತಿನ ಸದ್ದಿಗೆ ತಾನೇ ಬೆದರುತ್ತಿತ್ತು, ಅದಕ್ಕೇ ಅದಕ್ಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ನನಗಾಗ ಹನ್ನೊಂದು ತುಂಬಿ ಹನ್ನೆರಡು ನಡೆಯುತ್ತಿತ್ತು. ಅಪ್ಪಯ್ಯನದು ಪೇಟೆಯಲ್ಲಿ ದಿನಸಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಅವ್ವ, ಅಜ್ಜಿ, ನಾನು. ಹಿತ್ತಿಲ ಬೇಲಿಯಾಚೆ ಬುಡನ್ ಸಾಬರ ಕಡಸಲು ಕೊಟ್ಟಿಗೆ. ಅಲ್ಲಿ ಅವರು ಹಾಲೆ ಮರದ ತುಂಡುಗಳನ್ನು ಕಡಸಲಿಗೆ ಸಿಕ್ಕಿಸಿ, ತಿರುಗಿಸಿ, ಕಡೆದು ಬುಗುರಿ, ಗಿಲಿಕೆ, ಬಟ್ಟಲು, ಮಣಿ ಮಾಡುತ್ತಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಅರಗು ಕರಗಿ ಹತ್ತಿಕೊಳ್ಳುತ್ತಿತ್ತು, ಮೇಲೆ ಕೇದಗೆಯ ಗರಿ ಒತ್ತಿದರೆ ಫಳಫಳ ಹೊಳಪು. ಬಿಸಿ ಅರಗಿನ ಆ ವಾಸನೆ ನನಗೆ ಅವ್ವನ ಒಗ್ಗರಣೆಗಿಂತ ಇಷ್ಟವಾಗಿತ್ತು. ಅವ್ವನ ಮುಂದೆ ಹಾಗೆಂದು ಒಮ್ಮೆ ಹೇಳಿ ಬೆನ್ನಿಗೆ ಗುದ್ದು ತಿಂದಿದ್ದೇನೆ.

ಕಡೆದ ಮಣಿಗೆ ಬೈರಿಗೆಯಿಂದ ತೂತು ಕೊರೆಯಬೇಕು. ಕೈ ಒಂದು ಕೂದಲೆಳೆ ಜಾರಿದರೂ ತೂತು ನಟ್ಟನಡುವೆ ಬೀಳದೆ ಓರೆಯಾಗುತ್ತದೆ. ಅಂಥ ಮಣಿಯನ್ನು ಬುಡನ್ ಸಾಬರು ಮಾರುತ್ತಿರಲಿಲ್ಲ. ಮೂಲೆಯ ಬುಟ್ಟಿಗೆ ಎಸೆಯುತ್ತಿದ್ದರು, ಅಲ್ಲಿಂದ ಅದು ಬಚ್ಚಲ ಒಲೆಗೆ. ಕೆಂಪು, ಹಳದಿ, ಹಸಿರು ಮಣಿಗಳು ಹೀಗೆ ಬೂದಿಯಾಗುವುದನ್ನು ನೋಡಲಾರದೆ ನಾನು ಲಂಗದಲ್ಲಿ ತುಂಬಿಕೊಂಡು ಬರತೊಡಗಿದೆ. ಓರಗೆಯವರು ಕುಂಟಬಿಲ್ಲೆ ಆಡುವಾಗ ನಾನು ಜಗಲಿಯ ಮೇಲೆ ಕೂತು, ಕಡಲೆಪುರಿ ಮುಕ್ಕುತ್ತಾ, ಸೆಣಬಿನ ಹುರಿಗೆ ಮಣಿ ಪೋಣಿಸುತ್ತಿದ್ದೆ. ಯಾರಿಗಾಗಿಯೂ ಅಲ್ಲ. ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಜಟಕಾ ಮರಿಯಣ್ಣ ಹುರುಳಿ ಕೊಳ್ಳಲು ನಮ್ಮ ಅಂಗಡಿಗೆ ಬಂದಿದ್ದ. ಅವನ ಹೆಣ್ಣುಕುದುರೆ ಚೆಲುವಿ ಹೊರಗೆ ನಿಂತು ಬಾಲ ಬೀಸುತ್ತಿತ್ತು. ನನಗೆ ಏನನ್ನಿಸಿತೋ, ಕೈಯಲ್ಲಿದ್ದ ಸರವನ್ನು ಅದರ ಕತ್ತಿಗೆ ಕಟ್ಟಿ ಒಳಗೋಡಿದೆ. ಗಾಡಿ ಹೊರಟಾಗ ಬೀದಿಯಲ್ಲಿ ಒಂದು ಹೊಸ ಸದ್ದು ಕೇಳಿಸಿತು: ಟಕ್ ಟಕ ಟಕ್, ಟಕ್ ಟಕ ಟಕ್. ಓರೆ ತೂತಿನ ಮಣಿಯಲ್ಲವೇ, ಒಂದರ ಪಕ್ಕ ಒಂದು ನೆಟ್ಟಗೆ ಕೂರದು. ಭಾರದ ಮಗ್ಗುಲು ಕೆಳಗೆ ವಾಲಿ, ಕುದುರೆಯ ಹೆಜ್ಜೆ ಹೆಜ್ಜೆಗೂ ಒಂದಕ್ಕೊಂದು ಬಡಿದುಕೊಳ್ಳುತ್ತಿತ್ತು.

ಸಂಜೆ ಮರಿಯಣ್ಣ ಮತ್ತೆ ಬಂದ. ಬೈಯುತ್ತಾನೆಂದು ನಾನು ಕಂಬದ ಹಿಂದೆ ನಿಂತೆ.

"ಯಾರ್ ಮಗ ಇದ ಕಟ್ಟಿದ್ದು? ನೀನಾ? ಅಲ್ಲ ಕಣ್ ಮಗ, ಟೇಸನ್ನಲ್ಲಿ ರೈಲಿಳಿದೋರೆಲ್ಲ ಸದ್ ಕೇಳ್ಕಂಡು ಸೀದಾ ನನ್ ಗಾಡಿಗೇ ಬಂದ್ಬುಟ್ರು. ಮಿಕ್ಕೋರು ಬಾಯ್ ಬಿಟ್ಕಂಡು ನಿಂತವ್ರೆ. ತಕಾ." ನನ್ನ ಅಂಗೈಯಲ್ಲಿ ಒಂದಾಣೆ ಇಟ್ಟ.

ವಾರದೊಳಗೆ ಮಿಕ್ಕವರೂ ಬಂದರು. ನಮ್ಮ ಹಿತ್ತಿಲ ಬೇಲಿಯ ಬಳಿ ಮೀಸೆಯ ಗಂಡಸರು ನಿಂತು, "ಒಸಿ ಉದ್ದಕ್ಕಿರ್ಲಿ ಮಗ", "ನಂದ್ರಲ್ಲಿ ಕೆಂಪು ಜಾಸ್ತಿ ಹಾಕು" ಎಂದು ನನ್ನನ್ನು ಕೇಳುತ್ತಿದ್ದರು. ನನ್ನನ್ನು! ಮನೆಯಲ್ಲಿ ಉಪ್ಪು ಹೆಚ್ಚಾಗಿದೆಯೇ ಎಂದು ಕೂಡ ಯಾರೂ ಕೇಳದ ನನ್ನನ್ನು.

ಅಜ್ಜಿಗೆ ಗೊತ್ತಾಯಿತು. ಅಂದು ನಮ್ಮ ಮನೆಯಲ್ಲಿ ಊಟ ಆರಿಹೋಯಿತು.

"ಹೆಣ್ಮಗೀನ ಕೈಕೆಲ್ಸ ಅಂದ್ರೆ ಬಾಗ್ಲಿಗೆ ತೋರಣ ಕಟ್ಟಾಕೆ. ಕುದ್ರೆ ಕತ್ಗೆ ಕಟ್ಟಾಕಲ್ಲ. ಮಗಳ್ ದುಡ್ನಲ್ಲಿ ಬದುಕ್ತಾವ್ರೆ ಅಂತಾರೆ ಕಣಪ್ಪ ಪೇಟೆನಲ್ಲಿ," ಎಂದು ಅಪ್ಪಯ್ಯನಿಗೆ ಹೇಳಿದರು.

ಅಪ್ಪಯ್ಯ ಜಗಳ ಮಾಡುವವರಲ್ಲ. ಅಂಗಡಿಯಲ್ಲಿ ತೂಗಿ ತೂಗಿ ಎಲ್ಲದಕ್ಕೂ ಸಮ ಮಾಡುವ ಅಭ್ಯಾಸ. "ಮಾಡ್ಲಿ ಬುಡವ್ವ," ಎಂದರು, "ಆದ್ರೆ ಇವ್ಳು ಮಾಡಿದ್ದು ಅಂತ ಯಾರೂ ಅನ್ಬಾರ್ದು. ಮೈಸೂರಿಂದ ತರ್ಸಿದ್ದು ಅನ್ಲಿ. ಮರಿಯಣ್ಣಂಗೆ ನಾನೇ ಹೇಳ್ತೀನಿ."

ಅವ್ವ, ಅಜ್ಜಿ ಇಬ್ಬರೂ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಮಾಡಬೇಡ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಮಾಡು, ಆದರೆ ನಿನ್ನದಲ್ಲ ಎಂದದ್ದನ್ನು ಮಾತ್ರ ಸಹಿಸಲಾಗಲಿಲ್ಲ. ಅಂದಿನಿಂದ ನನಗೆ ಬೇಕಾಗಿದ್ದು ಒಂದೇ, ಇದು ನಾನು ಮಾಡಿದ್ದು ಎಂದು ಯಾರ ಮುಂದಾದರೂ ಗಟ್ಟಿಯಾಗಿ ಹೇಳಬೇಕು.

ಅಷ್ಟರಲ್ಲಿ ಓರೆ ಮಣಿಗಳ ಬುಟ್ಟಿ ಬರಿದಾಯಿತು. ಬುಡನ್ ಸಾಬರು ಕನಿಕರದಿಂದ ಒಳ್ಳೆಯ ಮಣಿಗಳನ್ನೇ ಒಂದು ಬೊಗಸೆ ಕೊಟ್ಟರು. ಪೋಣಿಸಿದೆ. ಎಷ್ಟು ಚೆಂದ ಅಂದರೆ, ಸಾಲು ಒಂದಿಷ್ಟೂ ಡೊಂಕಿಲ್ಲ. ಮಾರನೆಯ ದಿನವೇ ಮರಿಯಣ್ಣ ಅದನ್ನು ವಾಪಸು ತಂದ.

"ಇದು ಮೂಗಿ ಕಣ್ ಮಗ. ಕೆಂಗಲ್ ಗುಡೀ ತಂಕ ಹೋಗ್ಬಂದ್ರೂ ಒಂದ್ ಮಾತಾಡ್ನಿಲ್ಲ."

ನೆಟ್ಟಗಿನ ಮಣಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕೂತಿದ್ದವು. ಸದ್ದು ಬರುವುದಾದರೂ ಎಲ್ಲಿಂದ? ನಾನು ಬೇಲಿ ಹಾರಿ ಹೋಗಿ, "ಸಾಬಣ್ಣ, ಬೇಕೂಂತ್ಲೇ ಒಸಿ ಓರೆ ಕೊರ್ದುಕೊಡಿ," ಎಂದೆ.

ಬುಡನ್ ಸಾಬರ ಕೈ ಅಲ್ಲೇ ನಿಂತಿತು. ಮುಖ ನೋಡಿದರೆ ನಾನು ಅವರ ಗಡ್ಡ ಹಿಡಿದೆಳೆದಂತಿತ್ತು. "ನಲ್ವತ್ ವರ್ಸ ಆಯ್ತು ಮಗ, ನೆಟ್ಟಗ್ ಕೊರೆಯಾಕೇ ಒದ್ದಾಡ್ತಿವ್ನಿ. ಸೊಟ್ಟ ಕೊರಿ ಅಂತೀಯಲ್ಲ! ನನ್ ಕೈಲಾಗಾಕಿಲ್ಲ." ಬೈರಿಗೆಯನ್ನು ನನ್ನ ಕಡೆಗೆ ತಳ್ಳಿದರು. "ನಿಂಗೆ ಬೇಕಂದ್ರೆ ನೀನೇ ಕೊರ್ಕೊ. ಕೂತ್ಕೊ."

ಹಾಗೆ ನಾನು ಬೈರಿಗೆ ಹಿಡಿದೆ. ಅವರ ಹೆಂಡತಿ ಅಲ್ಲೇ ಕೂತು ಅರಗಿನ ಕಡ್ಡಿ ಸುತ್ತುತ್ತಾ, ನನ್ನನ್ನು ನೋಡಿ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಹಲಗೆಯ ಕುಳಿಯಲ್ಲಿ ಮಣಿ ಇಟ್ಟು, ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬೈರಿಗೆಗೆ ಸುತ್ತಿದ ಕಮಾನು ಎಳೆಯಬೇಕು. ಮೊದಲ ವಾರ ಓರೆ ಕೊರೆಯುವುದು ಎಷ್ಟು ಸುಲಭ! ಕೈ ತಾನಾಗಿಯೇ ಜಾರುತ್ತಿತ್ತು. ಕಷ್ಟವಾದದ್ದು ಆಮೇಲೆ. ಕೈ ಪಳಗಿ, ಬೇಡವೆಂದರೂ ತೂತು ನೆಟ್ಟಗೆ ಬೀಳತೊಡಗಿತು. ನಾನು ಸಿಟ್ಟಿನಿಂದ ಮಣಿ ಎಸೆಯುತ್ತಿದ್ದೆ, ಬುಡನ್ ಸಾಬರು ಅದನ್ನೆತ್ತಿ, ಬೆಳಕಿಗೆ ಹಿಡಿದು, ತಮ್ಮ ಒಳ್ಳೆಯ ಮಣಿಗಳ ಜೊತೆ ಸೇರಿಸುತ್ತಿದ್ದರು. ಕೊನೆಗೆ ನಾನು ಬೇಕೆಂದೇ ಓರೆ ಕೊರೆಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಹಾಗೆ ಕೊರೆದ ಮಣಿಗಳ ಹೊಸ ಸರ ಚೆಲುವಿಯ ಕತ್ತಿಗೇರಿತು.

ಯುಗಾದಿ ಕಳೆದ ಮೇಲೆ ನನ್ನನ್ನು ನೋಡಲು ಕ್ಲೋಸ್‌ಪೇಟೆಯಿಂದ, ಅಂದರೆ ಈಗಿನ ರಾಮನಗರದಿಂದ ಜನ ಬಂದರು. ರೇಷ್ಮೆಗೂಡಿನ ವ್ಯಾಪಾರದ ಮನೆತನ. ಹುಡುಗನ ತಂದೆ, ಹುಡುಗನ ಸೋದರತ್ತೆ. ಅತ್ತೆಯೇ ಮನೆಯ ಯಜಮಾನಿ ಎಂಬುದು ಆಕೆ ಜಟಕಾ ಇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ರೈಲಿಳಿದವರು ಹತ್ತಿ ಬಂದದ್ದು ಮರಿಯಣ್ಣನ ಗಾಡಿಯನ್ನೇ.

ಹೆಣ್ಣು ನೋಡುವಾಗ ಹುಡುಗಿಯ ಕೈಕೆಲಸವನ್ನು ತಟ್ಟೆಯಲ್ಲಿಟ್ಟು ತೋರಿಸುವುದು ನಮ್ಮಲ್ಲಿ ಪದ್ಧತಿ. ಅವ್ವ ಗಾಜಿನ ಮಣಿಯ ತೋರಣವೊಂದನ್ನು ಇಟ್ಟಿದ್ದಳು, ಎರಡು ಕಡೆ ಗಿಳಿ, ನಡುವೆ ತಾವರೆ. ಅದನ್ನು ಮಾಡಿದ್ದು ಮಾಗಡಿಯಲ್ಲಿದ್ದ ನನ್ನ ಚಿಕ್ಕವ್ವ. ನಾನು ರವಿಕೆ ಬಿಗಿದು, ತಲೆ ಬಗ್ಗಿಸಿ ಚಾಪೆಯ ಮೇಲೆ ಕೂತಿದ್ದೆ.

ಆ ಅತ್ತೆ ತೋರಣ ಮುಟ್ಟುವ ಮೊದಲೇ ಹೇಳಿದರು, "ಬರೋವಾಗ ಆ ಕುದ್ರೆ ಕತ್ನಲ್ಲಿ ಒಂದು ಸರ ಐತೆ ನೋಡಿ, ಏನ್ ಚಂದ ಸದ್ದು ಮಾಡ್ತದೆ! ಕೇಳಿದ್ರೆ ಮೈಸೂರಿಂದ ಬಂದಿದ್ದಂತೆ. ಈ ಊರ್ನೋರ ಕೈಲಿ ಅಂಥದ್ದೆಲ್ಲಿ ಆಯ್ತದೆ ಬುಡಿ." ಆಮೇಲೆ ತೋರಣ ಎತ್ತಿ ತಿರುವಿ ನೋಡಿದರು. "ಇದ ಈ ಮಗುನೇ ಮಾಡಿದ್ದಾ?"

"ಹೂಂ ಕಣ್ರವ್ವ, ಅವ್ಳೇ," ಎಂದಳು ಅವ್ವ.

ನಾನು ತಲೆ ಎತ್ತಿದೆ. "ನಾನಲ್ಲ. ಅದ ನಮ್ ಚಿಕ್ಕವ್ವ ಮಾಡಿದ್ದು. ನಾನ್ ಮಾಡಿದ್ದು ಆಚೆ ಕುದ್ರೆ ಕತ್ನಲ್ಲೈತೆ. ಮೈಸೂರಿಂದ್ಲೂ ಬಂದಿಲ್ಲ, ಎಲ್ಲಿಂದ್ಲೂ ಬಂದಿಲ್ಲ. ಮಣಿ ಪೋಣ್ಸಿದ್ದೂ ನಾನೇ, ತೂತು ಕೊರ್ದಿದ್ದೂ ನಾನೇ."

ಅಜ್ಜಿಯ ಕೈಯಲ್ಲಿದ್ದ ಎಲೆಯಡಿಕೆ ಹಾಗೆಯೇ ನಿಂತಿತು. ಅವ್ವ ನನ್ನ ತೊಡೆ ಜಿಗುಟಿದಳು, ಆ ಕಲೆ ಎಂಟು ದಿನ ಇತ್ತು. ಒಂದು ಗಳಿಗೆಯ ಹಿಂದೆ ಅದೇ ಸರವನ್ನು ಹೊಗಳಿದ್ದ ಅತ್ತೆಯ ಮುಖ ಮಾತ್ರ ಹಾಲು ಒಡೆದಂತೆ ಒಡೆಯಿತು.

"ಜಟ್ಕಾದೋರ್ಗೆ ಮಾಡ್ಕೊಡೋ ಹುಡ್ಗೀನಾ?" ಎಂದು ತೋರಣವನ್ನು ತಟ್ಟೆಗೆ ಹಾಕಿದರು. "ನಮ್ಮನೇಲಿ ಹೆಣ್ಮಕ್ಳು ಹೊಸ್ಲಾಚೆ ವ್ಯಾಪಾರ ಮಾಡಾಕಿಲ್ಲ ಕಣವ್ವ."

ಸಜ್ಜಿಗೆ ಮುಟ್ಟದೆ ಎದ್ದರು. ಆದರೆ ನಿಲ್ದಾಣಕ್ಕೆ ಹೋಗಲು ನಮ್ಮ ಬೀದಿಯಲ್ಲಿ ಬೇರೆ ಗಾಡಿ ಎಲ್ಲಿ? ಮರಿಯಣ್ಣನದನ್ನೇ ಹತ್ತಬೇಕಾಯಿತು. ಬೀದಿಯ ಕೊನೆಯವರೆಗೂ ನನ್ನ ಮಣಿಗಳು ಟಕ್ ಟಕ ಟಕ್ ಎಂದು ಅವರನ್ನು ಕರೆದುಕೊಂಡು ಹೋದವು. ನಾನು ಕಿಟಕಿಯಲ್ಲಿ ನಿಂತು ಕೇಳಿದೆ. ಹೊಡೆತ ಬಿತ್ತು, ನಿಜ. ಅಜ್ಜಿ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ, ಅದೂ ನಿಜ. ಹೇಳಬೇಕಾದ್ದನ್ನು ಹೇಳಿದ್ದೆ. ಅಂದು ಉಂಡ ಮುದ್ದೆಯಷ್ಟು ರುಚಿಯಾದ ಮುದ್ದೆಯನ್ನು ಮತ್ತೆ ಉಂಡಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂಗಾರಿಗೆ ಮುಂಚೆ ಮರಿಯಣ್ಣ ನಗು ತಡೆಯಲಾರದೆ ಬೇಲಿಯ ಬಳಿ ಬಂದ.

"ಕ್ಲೋಸ್‌ಪೇಟೆ ಅವ್ವಾರು ಹೇಳ್ಕಳ್ಸವ್ರೆ ಮಗ. ಅವ್ರ ಸವಾರಿ ಗಾಡಿ ಎತ್ಗಳಿಗೆ ಎಲ್ಡು ಸರ ಬೇಕಂತೆ. ಹುಡ್ಗಿ ಬ್ಯಾಡ, ಸರ ಬೇಕು!"

ಅಜ್ಜಿ ತಟ್ಟನೆ ಬಾಗಿಲಿಗೆ ಬಂದರು. ಮುರಿದ ಸಂಬಂಧ ಕೂಡೀತು ಎಂಬ ಆಸೆ. "ಚೆಂದಾಗಿ ಮಾಡ್ಕೊಡು, ಕಾಸು ಮುಟ್ಬ್ಯಾಡ," ಎಂದರು. ಬೈದವರೇ, ಮಾತು ಬಿಟ್ಟವರೇ ಈಗ ಹೀಗೆ!

ಚೆಂದಾಗಿಯೇ ಮಾಡಿದೆ. ಹತ್ತು ದಿನ ಬುಡನ್ ಸಾಬರ ಕೊಟ್ಟಿಗೆಯಲ್ಲಿ ಕೂತು ಒಂದೊಂದು ಮಣಿಯನ್ನೂ ನಾನೇ ಕೊರೆದೆ. ಬುಡನ್ ಸಾಬರು ಒಂದು ಮಣಿಯನ್ನು ಕಡ್ಡಿಗೆ ಸಿಕ್ಕಿಸಿ ತಿರುಗಿಸಿದರು. ಎಳ್ಳಷ್ಟೂ ಹೊಯ್ದಾಡಲಿಲ್ಲ. ಇನ್ನೊಂದು ತಿರುಗಿಸಿದರು, ಅದೂ ಇಲ್ಲ.

"ಎಲ್ಲಾ ನೆಟ್ಟಗೈತಲ್ಲ ಮಗ," ಎಂದರು.

"ಹೂಂ ಸಾಬಣ್ಣ. ಬೇಕೂಂತ್ಲೇ."

ಅವರು ಗಡ್ಡ ನೀವಿಕೊಂಡು ಜೋರಾಗಿ ನಕ್ಕರು. ಆಮೇಲೆ ಆ ಮಣಿಯನ್ನು ಮತ್ತೆ ಬೆಳಕಿಗೆ ಹಿಡಿದು, "ನಂದೂ ಇಷ್ಟ್ ನೆಟ್ಟಗ್ ಬರಾಕಿಲ್ಲ," ಎಂದರು. ನನಗೆ ಸಿಕ್ಕ ದೊಡ್ಡ ಸಂಭಾವನೆ ಅದು.

ಸರಗಳು ಹೋದವು. ಅಂಥ ಅಂದದ ಸರವನ್ನು ಆ ಸೀಮೆಯ ಎತ್ತುಗಳು ಕಂಡಿರಲಾರವು. ವಾರ ಕಳೆದು ಮರಿಯಣ್ಣನ ಬಾಯಲ್ಲಿ ದೂರು ಬಂತು, ಸದ್ದೇ ಬರುವುದಿಲ್ಲವಂತೆ, ಏನು ಮಾಡಬೇಕಂತೆ?

"ಮೈಸೂರಿಂದ ತರಿಸ್ಕಳಿ ಅಂತ ಹೇಳು," ಎಂದೆ.

ಅಪ್ಪಯ್ಯ ಅಂಗಡಿಯಲ್ಲಿ ಬೇಳೆ ತೂಗುತ್ತಿದ್ದರು. ಕೇಳಿಸಿರಬೇಕು, ತಕ್ಕಡಿ ಒಂದು ಗಳಿಗೆ ನಿಂತಿತು. ಬೈಯಲಿಲ್ಲ. ಎರಡು ವರ್ಷದ ಮೇಲೆ ಕೂಟಗಲ್ಲಿನಿಂದ ಬೇಸಾಯದವರು ನನ್ನನ್ನು ನೋಡಲು ಬಂದಾಗ, ಅವ್ವ ಮತ್ತೆ ಗಿಳಿಯ ತೋರಣ ಹುಡುಕುತ್ತಿದ್ದಳು. ಅಪ್ಪಯ್ಯ ಒಳಗಿಂದ ಓರೆ ಮಣಿಯ ಸರವನ್ನು ತಾವೇ ತಂದು ತಟ್ಟೆಯಲ್ಲಿಟ್ಟರು. "ಇದ ನನ್ ಮಗಳು ಮಾಡಿದ್ದು," ಎಂದರು. ಇದನ್ನು ಬರೆಯುವಾಗಲೂ ನನಗೆ ಕಣ್ಣು ಮಂಜಾಗುತ್ತದೆ. ಕೂಟಗಲ್ಲಿನವರು ಆ ಸರವನ್ನು ಅಲ್ಲಾಡಿಸಿ ನೋಡಿ ನಕ್ಕರು. ಆ ಮನೆಗೇ ನಾನು ಸೇರಿದೆ.

ಈಗ ಜಟಕಾಗಳಿಲ್ಲ. ನಿಲ್ದಾಣದ ಮುಂದೆ ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿಯಲ್ಲಿ ಯಾರೋ ಮಣ್ಣು ತುಂಬಿದ್ದಾರೆ. ಬೇಯಿಸಿದ ಹುರುಳಿಯ ವಾಸನೆ ಹೋಗಿ ಪೆಟ್ರೋಲಿನ ವಾಸನೆ ಬಂದಿದೆ. ಮರಿಯಣ್ಣನೂ ಇಲ್ಲ, ಬುಡನ್ ಸಾಬರೂ ಇಲ್ಲ. ಕಡಸಲಿಗೆ ಕರೆಂಟಿನ ಯಂತ್ರ ಬಂದಿದೆ. ಒಳ್ಳೆಯದೇ, ಯಾರ ಹೆಬ್ಬೆರಳೂ ಒಡೆಯುವುದಿಲ್ಲ.

ಮೊನ್ನೆ ತವರಿಗೆ ಹೋದವಳು ರಸ್ತೆಯ ಪಕ್ಕದ ಬೊಂಬೆ ಅಂಗಡಿ ಹೊಕ್ಕೆ. ಒಂದು ಮಣಿಸರ ಎತ್ತಿ ಅಲ್ಲಾಡಿಸಿದೆ, ಸದ್ದಿಲ್ಲ. ಇನ್ನೊಂದು ಎತ್ತಿದೆ, ಮತ್ತೊಂದು. ನನ್ನನ್ನೇ ನೋಡುತ್ತಿದ್ದ ಅಂಗಡಿಯವನು ಕೇಳಿದ, "ಯಾಕಜ್ಜಿ, ಏನ್ ಐಬೈತೆ ಇದ್ರಲ್ಲಿ?"

"ಒಂದೂ ಇಲ್ಲ ಕಣಪ್ಪ," ಎಂದು ಎಲ್ಲವನ್ನೂ ಅಲ್ಲೇ ಇಟ್ಟು ಬಂದೆ.