ರೊಟ್ಟಿ ಗಂಟಿನೊಳಗಿನ ಹುಕುಂ

ನನ್ನ ಗಂಡನಿಗೆ ಎರಡು ಹುಚ್ಚು. ಒಂದು, ಯಾವ ಸಣ್ಣ ಕೆಲಸಕ್ಕೂ ಯೋಜನೆ ಹಾಕುವುದು. ಇನ್ನೊಂದು, ಹಾಕಿದ ಯೋಜನೆಯನ್ನು ಯಾರಿಗೂ ಪೂರ್ತಿ ಹೇಳದಿರುವುದು. ಮದುವೆಯಾದ ಎರಡನೇ ಮಳೆಗಾಲದಲ್ಲಿ ಈ ಎರಡೂ ಕೂಡಿ ನನ್ನ ನೌಕರಿಗೆ ಎಳ್ಳುನೀರು ಬಿಡುವುದರಲ್ಲಿದ್ದವು.

ಪೊಲೀಸ್ ಆಕ್ಷನ್ ಮುಗಿದಿತ್ತು, ಹೈದರಾಬಾದ್ ಸಂಸ್ಥಾನ ಇನ್ನೂ ಇತ್ತು. ಶಾಲೆಗಳಲ್ಲಿ ಕನ್ನಡ ಕಲಿಸಿರಿ ಎಂದು ಮೇಲಿನವರು ಹೇಳಿದ್ದರು, ಕಲಿಸುವವರು ಸಿಗುತ್ತಿರಲಿಲ್ಲ. ಬೀದರಿನಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಗಂಡಸರೂ ಓದಿದ್ದು ಉರ್ದು. ಗಂಜ್ ಎನ್ನುವ ಧಾನ್ಯದ ಪೇಟೆಯ ಅಡತಿ ಅಂಗಡಿಯಲ್ಲಿ ಪತ್ರ ಬರೆಯುತ್ತಿದ್ದ ನನ್ನ ಗಂಡನಿಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ. ನನ್ನ ತವರು ವಿಜಾಪುರದ ಕಡೆ. ಏಳನೇ ಇಯತ್ತೆ ಕನ್ನಡದಲ್ಲಿ ಪಾಸಾದವಳು ನಾನು. ಆದರೆ ಬೀದರಿಗೆ ಸೊಸೆಯಾಗಿ ಬಂದ ದಿನದಿಂದ ಅನಕ್ಷರಸ್ಥೆಯಾಗಿದ್ದೆ. ಅಂಗಡಿಯ ಬೋರ್ಡು ಉರ್ದು, ಔಷಧಿ ಚೀಟಿ ಉರ್ದು, ಗಂಡ ಬರೆದಿಟ್ಟ ಸಾಮಾನಿನ ಪಟ್ಟಿಯೂ ಉರ್ದು. ನನ್ನ ಓದು ಪೆಟ್ಟಿಗೆಯ ತಳದಲ್ಲಿಟ್ಟ ಮದುವೆ ಸೀರೆಯಂತೆ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಹಾಗಾಗಿ ಔರಾದದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ನೇಮಿಸಿದ ಹುಕುಂ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಯಾವನೋ ಅಧಿಕಾರಿ ಹುರುಪಿನಲ್ಲಿ ಅದನ್ನು ಕನ್ನಡದಲ್ಲೇ ಬರೆಸಿ, ದೊಡ್ಡ ಶಿಕ್ಕಾ ಒತ್ತಿಸಿದ್ದ. ಸೋಮವಾರ ಸಂಜೆಯೊಳಗೆ ಹಾಜರಾಗದಿದ್ದರೆ ಬೇರೆಯವರನ್ನು ನೇಮಿಸಲಾಗುವುದು ಎಂಬುದೂ ಅದರಲ್ಲಿತ್ತು.

ಆ ವಾರ ಮಳೆ ಹಿಡಿದದ್ದು ಬಿಡಲಿಲ್ಲ. ಔರಾದದ ನೇರ ದಾರಿಯಲ್ಲಿ ಹೊಳೆ ತುಂಬಿ ದೋಣಿಯ ಓಡಾಟ ನಿಂತಿತ್ತು. ಭಾಲ್ಕಿಗೆ ಹೋಗುವ ರೈಲು ಹಳಿಯ ಕೆಳಗೆ ಮಣ್ಣು ಕುಸಿದು ನಿಂತಿತ್ತು. ನನ್ನ ಗಂಡ ಇಡೀ ಒಂದು ದಿನ ಕೂತು ಯೋಜನೆ ಹಾಕಿದರು. ಬೀದರಿನಿಂದ ಭಾಲ್ಕಿಗೆ ನಡೆಯುವುದು, ಅಲ್ಲಿಂದ ಹೊಳೆ ದಾಟಿ ಔರಾದಕ್ಕೆ ನಡೆಯುವುದು. ದಿನಕ್ಕೆ ಎಷ್ಟು ಹರದಾರಿ, ಯಾರ ಮನೆಯಲ್ಲಿ ವಸತಿ, ಗೋಣಿಚೀಲದ ಕೊಪ್ಪೆ ಎರಡು, ಛತ್ರಿ ಒಂದು, ಎಲ್ಲ ಬರೆದುಕೊಂಡರು. ಅತ್ತೆ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಎರಡು ಗಂಟು ಕಟ್ಟಿಕೊಟ್ಟರು. ಜೊತೆಗೆ ನನಗೊಂದು ಮಾತು ಹೇಳಿದರು. “ದಾರ್ಯಾಗ ಹಸದೋರು ಕಂಡ್ರ ಬುತ್ತಿ ಮುಚ್ಚಬ್ಯಾಡವಾ. ಮಂದಿ ಬುತ್ತಿ ಕಟ್ಟಿದ ಅರಿವಿ ನಿನ್ನ ಕೈಗಿ ಬಂದ್ರ ಖಾಲಿ ತಿರಗಿ ಕೊಡಬ್ಯಾಡ.”

ಹೊರಡುವಾಗ ಗಂಡ ಒಂದು ಗಂಟನ್ನು ನನ್ನ ಕೈಗಿಟ್ಟು, “ಇದನ್ನ ಔರಾದ ಬರೋತನಕ ಬಿಚ್ಚಬ್ಯಾಡ” ಎಂದರು. ಯಾಕೆ ಎಂದು ಹೇಳಲಿಲ್ಲ. ಮುಂದಿನ ಊಟಕ್ಕೆ ಉಳಿಸುವ ಜಿಪುಣತನ ಎಂದುಕೊಂಡೆ.

ಬೀದರಿನ ಕೆಂಪು ಮಣ್ಣು ಮುಗಿಯುವ ತನಕ ಯೋಜನೆ ಚೆನ್ನಾಗಿ ನಡೆಯಿತು. ನನ್ನ ಗಂಡ ಹುಟ್ಟಿ ಬೆಳೆದದ್ದು ಆ ಮಣ್ಣಿನ ಮೇಲೆ. ಎಷ್ಟು ಮಳೆ ಬಂದರೂ ಅಲ್ಲಿ ಕಾಲು ಹುಗಿಯುವುದಿಲ್ಲ. ಲೋಕದಲ್ಲೆಲ್ಲ ಮಣ್ಣು ಹಾಗೇ ಇರುತ್ತದೆಂದು ಲೆಕ್ಕ ಹಾಕಿದ್ದರು. ಎರೆ ಭೂಮಿ ಶುರುವಾದದ್ದೇ ಹೆಜ್ಜೆಗೊಂದು ಸೇರು ಮಣ್ಣು ಚಪ್ಪಲಿಗೆ ಹತ್ತಿತು. ಅವರು ಮೂರು ಇಂಚು ಎತ್ತರವಾದರು. ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು, ಇನ್ನೊಂದನ್ನು ಕೈಯಲ್ಲಿ ಹಿಡಿದರು. ಒಂದೇ ಚಪ್ಪಲಿ ಯಾತಕ್ಕೆ ಎಂದು ಕೇಳಿದರೆ, ಅದರ ಕೆಸರು ಕೆರೆದು ಇನ್ನಷ್ಟು ಬಿಗಿಯಾಗಿ ಹಿಡಿದು ನಡೆದರು. ಮಧ್ಯಾಹ್ನ ಪಟ್ಟಿ ನೋಡಲು ಕಿಸೆಗೆ ಕೈ ಹಾಕಿದರೆ ಮಸಿ ಕರಗಿ ಕಾಗದ ನೀಲಿಯಾಗಿತ್ತು.

“ಈಗ ನಿಮಗೂ ಓದ್ಲಾಕ ಬರಂಗಿಲ್ಲ, ನನಗೂ ಬರಂಗಿಲ್ಲ. ಸರಿಹೋಯ್ತು” ಎಂದೆ.

ಎರಡು ದಿನವೆಂದು ಬರೆದ ಭಾಲ್ಕಿಗೆ ಮೂರು ದಿನ ಹಿಡಿಯಿತು. ಶುಕ್ರವಾರ ಮಾಂಜ್ರಾ ಹೊಳೆಯ ದಂಡೆಗೆ ಬಂದೆವು. ಆಚೆಯಿಂದ ಬಂದ ದೋಣಿಯಲ್ಲಿ ಗಂಡ ಹೆಂಡಿರಿಬ್ಬರು ಇಳಿದರು. ಮೆಹಕರದ ಒಕ್ಕಲಿಗರು, ಊರಿಗೆ ಹೊರಟವರು. ನಡುನೀರಲ್ಲಿ ದೋಣಿ ವಾಲಿ ಅವರ ಬುತ್ತಿ ಹೊಳೆಯ ಪಾಲಾಗಿತ್ತು. ಆಕೆ ತುಂಬು ಬಸುರಿ. ನಾವು ತಿನ್ನುತ್ತಿದ್ದ ಗಂಟು ಬೆಳಿಗ್ಗೆಯೇ ಖಾಲಿಯಾಗಿತ್ತು. ನನ್ನ ಗಂಡ ಅತ್ತ ಅಂಬಿಗನ ಜೊತೆ ವಾದಿಸುತ್ತಿದ್ದರು. ನಾನು ಬಿಚ್ಚಬಾರದ ಗಂಟನ್ನು ಬಿಚ್ಚಲಿಲ್ಲ. ಕಟ್ಟಿದ್ದು ಕಟ್ಟಿದ ಹಾಗೆಯೇ ಆಕೆಯ ಕೈಗೆ ಕೊಟ್ಟೆ.

“ಅರಿವಿ ಹ್ಯಾಂಗ ಮುಟ್ಟಸ್ಲಿ ಅಕ್ಕಾ?” ಎಂದಳು.

“ಔರಾದದ ಹೆಣ್ಮಕ್ಕಳ ಸಾಲಿಗೆ ಹೊಂಟೀನಿ. ಯಾವಾಗರ ಆ ಕಡಿ ಬಂದ್ರ ಕೊಡು.”

ಅಂಬಿಗ ನಮ್ಮನ್ನು ದಾಟಿಸಿ, ಇನ್ನು ನೀರಿಳಿಯುವ ತನಕ ಇಲ್ಲ ಎಂದು ದೋಣಿಯನ್ನು ಆಚೆ ದಂಡೆಯಲ್ಲೇ ಗೂಟಕ್ಕೆ ಕಟ್ಟಿದ. ಆಮೇಲೆ ಗಂಡ ಗಂಟು ಎಲ್ಲಿ ಎಂದು ಕೇಳಿದರು. ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು.

“ಅದರಾಗ ನಿನ್ನ ಹುಕುಂ ಇತ್ತು.”

“ರೊಟ್ಟ್ಯಾಗ ಹುಕುಂ ಇಡ್ತಾರೇನ್ರಿ ಯಾರರ?”

“ಚೀಲದಾಗ ಇಟ್ರ ತೊಯ್ತದ, ಕಿಸೆದಾಗ ಇಟ್ರ ತೊಯ್ತದ. ನೀ ತೊಯ್ದರೂ ರೊಟ್ಟಿ ತೊಯ್ಯಗೊಡಂಗಿಲ್ಲ. ಅದಕ್ಕ ಇಟ್ಟೆ” ಎಂದರು.

ಮಾತು ಖರೆ. ಮೂರು ದಿನ ಛತ್ರಿ ಹಿಡಿದದ್ದು ನಮ್ಮಿಬ್ಬರಿಗಲ್ಲ, ಆ ಗಂಟಿಗೆ. ಸಿಟ್ಟು ನೆತ್ತಿಗೇರಿದ್ದರೂ ಅವರ ನಂಬಿಕೆ ಕಂಡು ಮನಸ್ಸು ಕರಗಿತು. ಆದರೂ ಔರಾದ ಮುಟ್ಟುವ ತನಕ ಅವರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ.

ಶಾಲೆಯ ದೊಡ್ಡ ಮಾಸ್ತರರು ಶೇರವಾನಿ ತೊಟ್ಟ ಹಿರಿಯ ಮುಸಲ್ಮಾನರು, ಬಹಳ ಮರ್ಯಾದಸ್ಥರು. ಕಥೆ ಕೇಳಿ ಚಹಾ ಕೊಡಿಸಿದರು. “ಬಾಯಿ, ನಿಮ್ಮ ಮ್ಯಾಲ ಶಕ್ ಇಲ್ಲ. ಆದ್ರ ಕಾಗದ ಇಲ್ಲದ ಹ್ಯಾಂಗ ಹಾಜರಿ ಹಾಕ್ಲಿ? ಸೋಮವಾರ ಸಂಜಿ ಗಂಟಿ ಹೊಡಿಯೋತನಕ ದಾರಿ ನೋಡ್ತೇನಿ” ಎಂದರು.

ಸೋಮವಾರ ಬೆಳಿಗ್ಗೆಯಿಂದ ಶಾಲೆಯ ಕಟ್ಟೆಯ ಮೇಲೆ ಕೂತೆವು. ಗಂಡ ಹೊಸ ಯೋಜನೆ ಹೇಳತೊಡಗಿದರು, ಈ ಸಲ ಪೂರ್ತಿಯಾಗಿಯೇ. ನನಗೆ ಕೇಳುವ ಮನಸ್ಸಿರಲಿಲ್ಲ. ವಾಪಸು ಬೀದರಿಗೆ ಹೋಗಿ ಯಾರಾದರೂ ಓದಿ ಹೇಳಲಿ ಎಂದು ಚೀಟಿ ಹಿಡಿದು ನಿಲ್ಲುವುದೇ ಕಣ್ಣಮುಂದೆ ಬರುತ್ತಿತ್ತು.

ಇಳಿಹೊತ್ತಿಗೆ, ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಮೆಹಕರದ ಆ ಇಬ್ಬರೂ ಬಂದರು. ಅಂದು ಹೊಳೆಯ ದಂಡೆಯಲ್ಲಿ ಅವರು ಗಂಟು ಬಿಚ್ಚಿದರೆ ರೊಟ್ಟಿಗಳ ನಡುವೆ ಶಿಕ್ಕಾ ಹೊಡೆದ ಕಾಗದವಿತ್ತಂತೆ. ಆಗಿನ ಕಾಲದಲ್ಲಿ ಶಿಕ್ಕಾ ಕಂಡರೆ ಜನಕ್ಕೆ ಜೀವ ಹಾರುತ್ತಿತ್ತು. ವಾರಂಟ್ ಇರಬೇಕೆಂದು ಆಕೆಯ ಗಂಡ ಹೊಳೆಗೆ ಎಸೆಯಹೋಗಿದ್ದನಂತೆ, ಹೆಂಡತಿ ಕಸಿದುಕೊಂಡಳಂತೆ. ನೀರಿಳಿಯುವ ತನಕ ದಂಡೆಯ ಹಳ್ಳಿಯಲ್ಲಿ ಬೀಡುಬಿಟ್ಟು, ದೋಣಿ ಬಿಟ್ಟ ಕೂಡಲೇ ದಾಟಿದ್ದರು.

“ಬ್ಯಾರೆಯವರ ಕೈಯಾಗ ಕೊಡ್ಲಾಕ ಮನಸ್ಸಾಗ್ಲಿಲ್ಲ ಅಕ್ಕಾ. ರೊಟ್ಟಿ ಮಾತ್ರ ತಿಂದ್ವಿ” ಎಂದಳು. ಅರಿವೆಯಲ್ಲಿ ಹುಕುಂ ಜೊತೆ ಎರಡು ಬೊಗಸೆ ಹೆಸರುಕಾಳು ಕಟ್ಟಿದ್ದಳು. ಅವಳ ಅತ್ತೆಯೂ ನಮ್ಮತ್ತೆಯ ಹಾಗೆಯೇ ಇದ್ದಿರಬೇಕು.

ದೊಡ್ಡ ಮಾಸ್ತರರು ಕಾಗದ ಹಿಡಿದರು. ಹಿಂಡಿಯ ಎಣ್ಣೆ ಶಿಕ್ಕಾದ ಮೇಲೇ ಕೂತಿತ್ತು. ಕನ್ನಡಕ ಏರಿಸಿದರು, ಇಳಿಸಿದರು. ನನ್ನ ಗಂಡನ ಕಡೆ ಚಾಚಿದರು, ಅವರು ತಲೆ ಅಲ್ಲಾಡಿಸಿದರು. ಮೆಹಕರದವನ ಕಡೆ ನೋಡಿದರು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಕೊನೆಗೆ ನನ್ನ ಕೈಗೇ ಕೊಟ್ಟು, “ನೀವ ಓದ್ರಿ ಬಾಯಿ” ಎಂದರು.

ಪಗಾರವನ್ನು ಎರಡು ಪಟ್ಟು ಮಾಡಿ ಓದಿದ್ದರೂ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಸೆ ಬಂದದ್ದು ಸುಳ್ಳಲ್ಲ. ಆದರೆ ಇದ್ದದ್ದು ಇದ್ದ ಹಾಗೆ, ನಿಂತುಕೊಂಡು, ದೊಡ್ಡ ದನಿಯಲ್ಲಿ ಓದಿದೆ. ಮಾಸ್ತರರು ಹಾಜರಿ ಪುಸ್ತಕ ತೆರೆದು ಮಸಿಯ ದೌತಿಯನ್ನು ನನ್ನ ಕಡೆ ಸರಿಸಿದರು. ನನ್ನ ಗಂಡ ಕೈಯಲ್ಲಿದ್ದ ಒಂಟಿ ಚಪ್ಪಲಿಯನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು.

ನಾನು ಸಹಿ ಮಾಡುವಾಗ ಆ ಬಸುರಿ ಹತ್ತಿರ ಬಂದು, ಕಾಗದವನ್ನು ಒಂದು ಬೆರಳಿಂದ ಮುಟ್ಟಿದಳು.

“ಅಕ್ಕಾ, ಇನ್ನೊಮ್ಮಿ ಓದ್ತೀರಿ?” ಎಂದಳು.

ಓದಿದೆ.