ಗಂಗಲಕ್ಷ್ಮಮ್ಮ ಹಟ ಹಿಡಿದ ಕೊಕ್ಕೆ

ಬೆಳಗಿನ ಐದೂಕಾಲು. ಅನ್ನಪೂರ್ಣೇಶ್ವರಿ ನಗರದ ಅಡ್ಡರಸ್ತೆಯೊಂದರ ಬಾಯಿಗೆ ಬಿಳಿ ಪಿಕಪ್ ಬಂದು ನಿಲ್ಲುತ್ತದೆ. ಅದರ ಬೆನ್ನಿಗೆ ಒಂದೂವರೆ ಟನ್ ತೂಗುವ ಕಾಂಕ್ರೀಟ್ ಮಿಕ್ಸರ್. ಎಡಕ್ಕೆ ಯಾರದೋ ಕಾರು, ಬಲಕ್ಕೆ ಜಲ್ಲಿ ರಾಶಿ, ನಡುವೆ ತೂರುವಷ್ಟೇ ಜಾಗ. ಐವತ್ತಾರರ ಗಂಗಲಕ್ಷ್ಮಮ್ಮ ಕಿಟಕಿಯಿಂದ ತಲೆ ಹೊರಹಾಕಿ ಗಾಡಿಯನ್ನು ಹಿಂದಕ್ಕೆ ಬಿಡುತ್ತಾರೆ.

ಮನೆ ಕಟ್ಟಿಸುತ್ತಿರುವ ಮೇಸ್ತ್ರಿ ಅವರಿಗೆ ಹೊಸಬ. "ಅಕ್ಕ, ಇಳೀರಿ. ಗಂಡಸರು ಯಾರಾದ್ರೂ ರಿವರ್ಸ್ ಹಾಕ್ಲಿ," ಅನ್ನುತ್ತಾನೆ.

"ಬಾಪ್ಪ, ನೀನೇ ಹಾಕು. ಗೇಟು ಮುರಿದ್ರೆ ಮಾತ್ರ ನನ್ನ ಕೇಳ್ಬೇಡ."

ಮೇಸ್ತ್ರಿ ಬೀಡಿ ಹಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾನೆ. ಮಿಕ್ಸರ್ ಒಂದೇ ಸಲಕ್ಕೆ ಮನೆಯ ಮುಂದೆ ಹೋಗಿ ಕೂರುತ್ತದೆ.

ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಕೆಲಸ ಶುರುವಾದ ಮೇಲೆ ನಡುವೆ ನಿಲ್ಲುವಂತಿಲ್ಲ. ನಿಂತರೆ ಮೊದಲು ಹಾಕಿದ್ದಕ್ಕೂ ಆಮೇಲೆ ಹಾಕಿದ್ದಕ್ಕೂ ಬೆಸುಗೆ ಕೂಡುವುದಿಲ್ಲ, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಅದಕ್ಕೇ ಮಿಕ್ಸರ್ ಹೊತ್ತಿಗೆ ಸರಿಯಾಗಿ ಬರಬೇಕು. ಹದಿನೆಂಟು ವರ್ಷದಿಂದ, ತಿಂಗಳಿಗೆ ಹತ್ತರಂತೆ, ಆರ್‌ಪಿಸಿ ಲೇಔಟಿನಿಂದ ಕೆಂಗೇರಿವರೆಗೆ ಅವರು ಎಳೆದುಕೊಂಡು ಹೋದ ಮಿಕ್ಸರಿನಿಂದ ಎರಡು ಸಾವಿರ ತಾರಸಿ ಎದ್ದಿವೆ.

ಮೊದಲು ಗಾಡಿ ಓಡಿಸುತ್ತಿದ್ದವರು ಗಂಡ ಮುನಿಯಣ್ಣ. ಅವರ ಸೊಂಟ ಹಿಡಿದುಹೋಯಿತು. "ಮಿಕ್ಸರ್ ಮಾರ್ಬಿಡು ಅಂದ್ರು ನಮ್ಮೋರೆಲ್ಲ. ಮಾರಿ ಯಾರ ಮನೆ ಬಾಗ್ಲಲ್ಲಿ ನಿಲ್ಲಲಿ? ನಮ್ಮಪ್ಪನ ಎತ್ತಿನ ಗಾಡೀನ ಕಣಕ್ಕೆ ಹಿಮ್ಮುಖ ಬಿಟ್ಟೋಳು ನಾನು. ಇದೇನು ಮಹಾ!" ಎನ್ನುತ್ತಾರೆ.

ಒಂದು ತಪ್ಪನ್ನು ಅವರು ಮುಚ್ಚಿಡುವುದಿಲ್ಲ. ಮೊದಮೊದಲು, ಖಾಲಿ ಗಾಡಿ ನಿಲ್ಲಿಸಿ ಅಳತೆ ತೆಗೆದು, ಮಿಕ್ಸರ್ ಸಿಕ್ಕಿಸುವ ಕೊಕ್ಕೆ ಹಾಕಿಸಿದರು. ಮಾರನೆಯ ದಿನ ಹತ್ತು ಆಳು ಹಿಂದೆ ಹತ್ತಿದ್ದೇ ಗಾಡಿಯ ಬೆನ್ನು ಕುಸಿಯಿತು, ಕೊಕ್ಕೆಯೂ ಕೆಳಗಿಳಿಯಿತು. ನಾಗರಬಾವಿಯ ಹಂಪ್ ಒಂದಕ್ಕೆ ಬಡಿದು ಪಿನ್ನು ಹಾರಿ, ಮಿಕ್ಸರ್ ಇಳಿಜಾರಿನಲ್ಲಿ ತಾನೇ ಉರುಳಿತು. ಖಾಲಿ ಸೈಟಿನ ಕಾಂಪೌಂಡ್ ತಡೆಯಿತು. "ಐದು ನಿಮಿಷ ಮುಂಚೆ ಅದೇ ದಾರೀಲಿ ಸ್ಕೂಲ್ ಮಕ್ಕಳು ಹೋಗಿದ್ರು. ತಪ್ಪು ನಂದೇ."

ಈ ವರ್ಷ ಹಳೆಯ ಪಿಕಪ್ ಮತ್ತೆ ರಸ್ತೆಗಿಳಿಯುವಂತಿಲ್ಲ ಎಂದಾಯಿತು. ರಾಜಾಜಿನಗರದ ಷೋರೂಮಿಗೆ ಹೋದರು. ಅಲ್ಲಿನ ಗಿರಿರಾಜ್ ತೋರಿಸಿದ್ದು ಟಾಪ್ ಮಾಡೆಲ್ಲು: ದೊಡ್ಡ ಸ್ಕ್ರೀನು, ಮೆತ್ತನೆ ಸೀಟು, ಹಿಂದೆ ಹೊಳೆಯುವ ಕೊಕ್ಕೆ. ಗಂಗಲಕ್ಷ್ಮಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಳಗೆ ಕೈಯಾಡಿಸಿದರು.

"ಇದು ಬಂಪರ್‌ಗೆ ಹಾಕಿರೋದು ಕಣಪ್ಪ. ಎಳೆದ್ರೆ ಬಂಪರ್ರೇ ಕಿತ್ಕೊಂಡು ಬರುತ್ತೆ. ಚಾಸಿಗೆ, ಅಡೀಲಿರೋ ಕಬ್ಬಿಣದ ಚೌಕಟ್ಟಿಗೆ, ಹಾಕಿರೋದು ಕೊಡಿ."

"ಅಮ್ಮ, ಎಲ್ರೂ ಇದನ್ನೇ ತಗೊಳೋದು."

"ಎಲ್ರೂ ಮಿಕ್ಸರ್ ಎಳೀತಾರಾ?"

"ಹಿಂದೆ ಕ್ಯಾಮೆರಾ ಬೇರೆ ಇದೆ."

"ಅದ್ರಲ್ಲಿ ಮಿಕ್ಸರ್ ಮೂತಿ ಬಿಟ್ರೆ ಇನ್ನೇನು ಕಾಣ್ಸುತ್ತೆ? ನಂಗೆ ಕತ್ತಿದೆ, ಹೊರಗೆ ಹಾಕ್ತೀನಿ."

ಅವರಿಗೆ ಬೇಕಾದದ್ದು ಎಲ್ಲಕ್ಕಿಂತ ಸಾದಾ ಮಾಡೆಲ್ಲು, ಹೊರೆ ತಾಳುವ ಗಟ್ಟಿ ಸ್ಪ್ರಿಂಗ್ ಪಟ್ಟಿ, ಚಾಸಿಗೆ ಕಂಪನಿಯವರೇ ಕೂರಿಸಿದ ಕೊಕ್ಕೆ. ತರಿಸಲು ಮೂರು ವಾರ ಅಂದರು. ಕಾದರು. ಬಾಡಿಗೆ ಟ್ರ್ಯಾಕ್ಟರಿನಲ್ಲಿ ಮಿಕ್ಸರ್ ಎಳೆಸಿದರು. ಟ್ರ್ಯಾಕ್ಟರ್ ತಡವಾಗಿ ಬಂತೆಂದು ಇಬ್ಬರು ಮೇಸ್ತ್ರಿಗಳು ಬೇರೆಯವರ ಕಡೆ ಹೋದರು. ಮಿಕ್ಸರ್ ನಡೆಸುವ ಕಿಟ್ಟಿಗೂ ಅನುಮಾನ ಬಂತು: "ಅಕ್ಕ, ಇರೋದ್ನೇ ತಗೊಳೋಣ. ಹಿಂಗೇ ಆದ್ರೆ ನಾವು ಹತ್ತು ಜನ ಏನ್ ಮಾಡೋದು?"

"ಆ ಗಾಡಿ ಹಿಂದೆ ಕೂರೋರೂ ನೀವೇ ಹತ್ತು ಜನ ಕಣೋ," ಅಂದರು ಗಂಗಲಕ್ಷ್ಮಮ್ಮ.

ಗಾಡಿ ಬಂದ ದಿನ ಷೋರೂಮಿಗೆ ಕಿಟ್ಟಿಯೂ ಉಳಿದ ಒಂಬತ್ತು ಆಳುಗಳೂ ಬಂದರು. "ಹತ್ತ್ರೋ ಎಲ್ಲ," ಎಂದು ಗಂಗಲಕ್ಷ್ಮಮ್ಮ ಅಂದದ್ದೇ ತಡ, ಹತ್ತೂ ಜನ ಹೊಸ ಗಾಡಿಯ ಹಿಂದಕ್ಕೆ ಏರಿದರು. ಗಿರಿರಾಜ್ ಓಡಿಬಂದ. "ಅಮ್ಮ, ಪೈಂಟು! ಪೈಂಟು!"

ಗಂಗಲಕ್ಷ್ಮಮ್ಮ ಕೊಕ್ಕೆಯ ಪಕ್ಕ ಕಾಲೂರಿ ನಿಂತರು. ಹೊರೆ ಬಿದ್ದ ಮೇಲೂ ಅದು ಅವರ ಮೊಣಕಾಲು ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಇರಬೇಕು. ಇದು ಆರು ಬೆರಳಿಗೆ ಇಳಿದಿತ್ತು. ಕೀ ತೆಗೆದುಕೊಳ್ಳಲಿಲ್ಲ.

"ಎರಡು ಬೆರಳಿಗೆ ಡೆಲಿವರಿ ಬೇಡ ಅಂತೀರಾ?"

"ಅವತ್ತು ಮಿಕ್ಸರ್ ಬಿಟ್ಕೊಂಡು ಹೋಗಿದ್ದು ಆ ಎರಡು ಬೆರಳಲ್ಲೇ ಸಾರ್. ಏರಿಸಿ ಕೊಡಿ, ಇಲ್ಲೇ ಕೂತಿರ್ತೀವಿ."

ಕೂತರು. ಹನ್ನೊಂದು ಜನ, ಗಾಜಿನ ಬಾಗಿಲ ಎದುರಿಗೇ, ಬುತ್ತಿ ಬಿಚ್ಚಿಕೊಂಡು. ಸಂಜೆ ನಾಲ್ಕಕ್ಕೆ ವರ್ಕ್‌ಶಾಪಿನವರು ಕೊಕ್ಕೆ ಕೂತ ಪ್ಲೇಟನ್ನು ಮೇಲಕ್ಕೆ ಏರಿಸಿ ಕೂರಿಸಿದರು. ಆಳುಗಳು ಮತ್ತೆ ಹತ್ತಿದರು. ನಾಲ್ಕು ಬೆರಳು, ಸರಿಯಾಗಿ.

ಆಮೇಲೆ ಗಿರಿರಾಜ್ ಹಾರ ತಂದು, ಗಾಡಿಯ ಮುಂದೆ ನಿಂತು ನಗಿ ಅಂದ, ಫೋಟೋಗೆ. ಗಂಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಗಾಡಿಯ ಹಿಂದಕ್ಕೆ ನಡೆದರು.

"ಇಲ್ಲಿ ತೆಗೀರಿ ಸಾರ್. ಮುಂದಿಂದ ನೋಡಿದ್ರೆ ಗಾಡಿ ಯಾರದ್ದಾದ್ರೂ ಆಗಿರ್ಬೋದು. ಹಿಂದಿಂದ ನೋಡಿದ್ರೆ ತಾನೇ ನಂದು ಅಂತ ಗೊತ್ತಾಗೋದು."